ಜೀನೊ ಮಾರ್ಕೆಟಿ: ಮೈದಾನದ ಗೋಡೆ, ಮಳಿಗೆಯ ಹೆಸರು

ಅಂಗಡಿಯ ಮುಂದೆ ತೂಗುಹಾಕಿದ ಹೆಸರಿಗೆ ಬೆಲೆ ಎಷ್ಟು ಎಂಬುದು ವರ್ತಕ ಸಮುದಾಯದಲ್ಲಿ ಬಹಳ ಹಳೆಯ ಚರ್ಚೆ. ಲೆಕ್ಕಪತ್ರದಲ್ಲಿ ಅದು ಗುಡ್‌ವಿಲ್ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ವ್ಯಾಪಾರ ಕೈ ಬದಲಾಯಿಸುವಾಗ ಮಾತ್ರ ಆ ಸಾಲಿನ ಕುರಿತು ಜಗಳ ಹುಟ್ಟುತ್ತದೆ. ಮಾರುವವನ ದೃಷ್ಟಿಯಲ್ಲಿ ಹೆಸರೇ ಸರ್ವಸ್ವ. ಕೊಳ್ಳುವವನ ಕಣ್ಣು ಬಹುತೇಕ ಜಾಗ, ಯಂತ್ರ ಮತ್ತು ಗಿರಾಕಿಗಳ ಮೇಲಿರುತ್ತದೆ. ಅಮೆರಿಕದ ಜೀನೊ ಮಾರ್ಕೆಟಿ ಎಂಬ ವ್ಯಕ್ತಿ ತನ್ನ ಹೆಸರನ್ನು ಗಳಿಸಿದ್ದು ಮೈಮುರಿಯುವ ಕುಸ್ತಿಯಂಥ ಆಟದಲ್ಲಿ. ಆ ಹೆಸರನ್ನು ಬಂಡವಾಳವಾಗಿ ಹೂಡಿದ್ದು ಹದಿನೈದು ಸೆಂಟಿನ ಹ್ಯಾಂಬರ್ಗರ್ ಮಾರುವ ಮಳಿಗೆಯಲ್ಲಿ. ಕಾಲು ಶತಮಾನದಲ್ಲಿ ಆ ಹೆಸರಿನ ಮಳಿಗೆಗಳು 350ನ್ನು ಮೀರಿದವು; ಅನಂತರದ ನಾಲ್ಕು ವರ್ಷಗಳಲ್ಲಿ ಒಂದೂ ಉಳಿಯಲಿಲ್ಲ. ಈ ಏರಿಳಿತದ ಕಥೆ ಕ್ರೀಡಾಪುಟಕ್ಕಿಂತ ವಾಣಿಜ್ಯ ಪತ್ರಿಕೆಗೇ ಹೆಚ್ಚು ಸಲ್ಲತಕ್ಕದ್ದು.

ಮೊದಲು ಆಟದ ಬಗ್ಗೆ ಎರಡು ಮಾತು ಅಗತ್ಯ. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯಲ್ಪಡುವ ಆಟವೇ ಬೇರೆ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಓಡುತ್ತಿರುವ ಸಂಗಡಿಗನಿಗೆ ಎಸೆಯುತ್ತಾರೆ. ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನಗಳ ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಈ ಹತ್ತು ಗಜವನ್ನು ಬಿಟ್ಟುಕೊಡದೆ ಎದುರು ಸಾಲಿನಲ್ಲಿ ಬಾಗಿ ನಿಲ್ಲುವವರು ರಕ್ಷಣಾ ಸಾಲಿನ ಆಟಗಾರರು. ಕಬಡ್ಡಿಯಲ್ಲಿ ದಾಳಿಗಾರನನ್ನು ಕೆಡವುವ ಹಿಡಿತಗಾರರನ್ನು ನೆನೆದುಕೊಂಡರೆ ಅವರ ಕೆಲಸ ಅರ್ಥವಾದೀತು. ಆದರೆ ಇಲ್ಲಿ ಅವರಿಗೂ ದಾಳಿಗಾರನಿಗೂ ನಡುವೆ ಕ್ವಿಂಟಾಲಿಗೂ ಮೀರಿ ತೂಗುವ ಬೇರೊಬ್ಬ ಅಡ್ಡ ನಿಂತಿರುತ್ತಾನೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ ಬಳಿಗೆ ಅವನನ್ನು ದಾಟಿಕೊಂಡೇ ಹೋಗಬೇಕು. ಮಾರ್ಕೆಟಿಯವರು ಈ ಸಾಲಿನ ತುದಿಯಲ್ಲಿ, ಡಿಫೆನ್ಸಿವ್ ಎಂಡ್ ಎಂಬ ಸ್ಥಾನದಲ್ಲಿ ಆಡುತ್ತಿದ್ದರು.

ಅವರು ಹುಟ್ಟಿದ್ದು 1926ರ ಜನವರಿ 2ರಂದು, ಕಲ್ಲಿದ್ದಲ ಗಣಿಗಳ ನಾಡಾದ ಪಶ್ಚಿಮ ವರ್ಜೀನಿಯಾದ ಸ್ಮಿದರ್ಸ್ ಎಂಬ ಊರಿನಲ್ಲಿ. ತಂದೆ ತಾಯಿ ಇಟಲಿಯಿಂದ ಬಂದ ವಲಸಿಗರು. ಕುಟುಂಬವು ಅನಂತರ ಕ್ಯಾಲಿಫೋರ್ನಿಯಾದ ಆಂಟಿಯೋಕ್ ಪಟ್ಟಣಕ್ಕೆ ಹೋಗಿ ನೆಲೆಸಿತು. ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಧುಮುಕಿದಾಗ, ಪೌರತ್ವ ಪಡೆಯದ ಇಟಾಲಿಯನ್ನರನ್ನು ಸರ್ಕಾರ ಶತ್ರುದೇಶದ ಪ್ರಜೆಗಳ ಪಟ್ಟಿಗೆ ಸೇರಿಸಿತ್ತು. ಅಂಥ ಕಾಲದಲ್ಲಿ, ಹದಿನೆಂಟು ತುಂಬಿದ ಇಟಾಲಿಯನ್ ಮನೆಯ ಈ ಹುಡುಗ ಅಮೆರಿಕದ ಸೈನ್ಯ ಸೇರಿದ. 69ನೆಯ ಪದಾತಿ ವಿಭಾಗದಲ್ಲಿ ಮಷೀನ್ ಗನ್ ಚಾಲಕನಾಗಿ ಯುರೋಪಿನ ಹಿಮದಲ್ಲಿ ಹೋರಾಡಿದ. ಬಲ್ಜ್ ಕದನವೆಂದು ಇತಿಹಾಸದಲ್ಲಿ ಹೆಸರಾದ ಆ ಚಳಿಗಾಲದ ಯುದ್ಧ ಕಂಡವರಿಗೆ ಮೈದಾನದ ಪೆಟ್ಟುಗಳು ದೊಡ್ಡವಾಗಿ ಕಾಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ಸೋದರನೊಡನೆ ಸೇರಿ ಒಂದು ಬಾರ್ ತೆರೆದದ್ದು ಅವರ ಮೊದಲ ವ್ಯಾಪಾರ. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದು, ಗಿರಾಕಿಯ ಮುಖ ನೆನಪಿಡುವುದು, ಸಾಲದ ಬಾಕಿಯನ್ನು ಜಗಳವಿಲ್ಲದೆ ವಸೂಲು ಮಾಡುವುದು ಮುಂತಾದ ವಿದ್ಯೆಗಳನ್ನು ಕಲಿಸಲು ಅಂಥ ಅಂಗಡಿಗಿಂತ ಒಳ್ಳೆಯ ಶಾಲೆಯಿಲ್ಲ. ಮೊಡೆಸ್ಟೋ ಜೂನಿಯರ್ ಕಾಲೇಜಿನಲ್ಲಿ ಒಂದು ವರ್ಷ ಆಡಿ, ಅಲ್ಲಿಂದ ಅವರು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದರು.

ಆ ವಿಶ್ವವಿದ್ಯಾಲಯದ 1951ರ ತಂಡ ಆಡಿದ ಒಂಬತ್ತು ಪಂದ್ಯಗಳಲ್ಲಿ ಒಂಬತ್ತನ್ನೂ ಗೆದ್ದಿತು. ಗೆದ್ದ ತಂಡಗಳನ್ನು ವರ್ಷಾಂತ್ಯದಲ್ಲಿ ಬೌಲ್ ಎಂದು ಕರೆಯುವ ವಿಶೇಷ ಪಂದ್ಯಗಳಿಗೆ ಆಹ್ವಾನಿಸುವುದು ಅಲ್ಲಿನ ವಾಡಿಕೆ. ಅದರಿಂದ ವಿದ್ಯಾಸಂಸ್ಥೆಗೆ ಗಣನೀಯ ಆದಾಯವೂ ಬರುತ್ತದೆ. ಈ ತಂಡಕ್ಕೆ ಆಹ್ವಾನ ಬರಲಿಲ್ಲ. ತಂಡದಲ್ಲಿದ್ದ ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಬಂದರೆ ಅವಕಾಶ ಕೊಡುವುದಾಗಿ ದಕ್ಷಿಣದ ಸಂಘಟಕರಿಂದ ಸೂಚನೆ ಬಂದಿತ್ತೆಂದು ಆಟಗಾರರು ಮುಂದೆ ಅನೇಕ ಸಲ ಹೇಳಿದ್ದಾರೆ. ಅವರಿಬ್ಬರನ್ನು ಬಿಟ್ಟು ಹೋಗಲು ತಂಡದ ಉಳಿದವರು ಒಪ್ಪಲಿಲ್ಲ. ಹಣದ ಮುಗ್ಗಟ್ಟಿನಲ್ಲಿದ್ದ ವಿಶ್ವವಿದ್ಯಾಲಯ ಆ ಋತು ಮುಗಿಯುತ್ತಲೇ ಫುಟ್‌ಬಾಲ್ ವಿಭಾಗವನ್ನು ಮುಚ್ಚಿಬಿಟ್ಟಿತು. ಮಾರ್ಕೆಟಿ, ಮ್ಯಾಟ್ಸನ್, ಬಾಬ್ ಸೇಂಟ್ ಕ್ಲೇರ್ ಮೂವರೂ ಕಾಲಾನಂತರ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಗಾಯದಿಂದ ಆಟ ಬಿಡಬೇಕಾಗಿ ಬಂದ ಟೋಲರ್, 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೊದಲ ಕಪ್ಪು ತೀರ್ಪುಗಾರರಾದರು. ತಂಡದ ಪ್ರಚಾರ ಕೆಲಸ ನೋಡಿಕೊಳ್ಳುತ್ತಿದ್ದ ಪೀಟ್ ರೊಜೆಲ್ ಎಂಬ ಯುವಕ ಮುಂದೆ ಅದೇ ಲೀಗಿನ ಕಮಿಷನರ್ ಆಗಿ, ದೂರದರ್ಶನದ ಹಕ್ಕುಗಳ ಮಾರಾಟದಿಂದ ಅದನ್ನು ಮಹಾ ಉದ್ಯಮವನ್ನಾಗಿ ಕಟ್ಟಿದರು. ಬಾಗಿಲು ಮುಚ್ಚಿದ ಸಂಸ್ಥೆಯೊಂದರಿಂದ ಇಷ್ಟು ಜನ ಮೇಲೆ ಬಂದದ್ದು ಅಪರೂಪ.

ಮಾರ್ಕೆಟಿಯವರ ಮೊದಲ ವೃತ್ತಿಪರ ಸಂಸ್ಥೆಯೂ ದಿವಾಳಿಯಾಯಿತು. 1952ರಲ್ಲಿ ಅವರು ಸೇರಿದ ಡಲ್ಲಾಸ್ ಟೆಕ್ಸನ್ಸ್ ತಂಡಕ್ಕೆ ಪ್ರೇಕ್ಷಕರೇ ಬರುತ್ತಿರಲಿಲ್ಲ. ಋತುವಿನ ಅರ್ಧದಲ್ಲಿ ಮಾಲೀಕರು ಕೈಚೆಲ್ಲಿ ತಂಡವನ್ನು ಲೀಗಿಗೇ ಒಪ್ಪಿಸಿದರು. ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು, ಅದೂ ಓಹಾಯೋದ ಆಕ್ರನ್‌ನಲ್ಲಿ ಬೆರಳೆಣಿಕೆಯ ಜನರ ಮುಂದೆ. ಆ ದಿನ ಆಟಗಾರರನ್ನು ಧ್ವನಿವರ್ಧಕದಲ್ಲಿ ಪರಿಚಯಿಸುವ ಬದಲು ಅವರೇ ಹೋಗಿ ಪ್ರತಿಯೊಬ್ಬ ಪ್ರೇಕ್ಷಕನ ಕೈಕುಲುಕಿ ಬರಲಿ ಎಂದು ತರಬೇತುದಾರರು ತಮಾಷೆ ಮಾಡಿದ್ದರಂತೆ. ಸಂಬಳ ಬರುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಕಳೆದ ಈ ಒಂದು ವರ್ಷ ಮಾರ್ಕೆಟಿಯವರಿಗೆ ಆಟದ ಆದಾಯದ ಅನಿಶ್ಚಿತತೆಯನ್ನು ತೋರಿಸಿಕೊಟ್ಟಿರಲೇಬೇಕು.

ಮರುವರ್ಷ ಆ ತಂಡದ ಆಟಗಾರರು ಹೊಸದಾಗಿ ಆರಂಭವಾದ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಪಾಲಾದರು. ಮಾಲೀಕರು ಕ್ಯಾರಲ್ ರೋಸೆನ್‌ಬ್ಲೂಮ್. ಕಾರ್ಮಿಕರು ತೊಡುವ ದಪ್ಪ ಬಟ್ಟೆಯ ಉಡುಪುಗಳನ್ನು ತಯಾರಿಸಿ ಹಣ ಗಳಿಸಿದ ಸಿದ್ಧ ಉಡುಪಿನ ಉದ್ಯಮಿ. 1954ರಲ್ಲಿ ತರಬೇತುದಾರರಾಗಿ ಬಂದ ವೀಬ್ ಯೂಬ್ಯಾಂಕ್ ಮಾರ್ಕೆಟಿಯವರನ್ನು ರಕ್ಷಣಾ ಸಾಲಿನ ತುದಿಯಲ್ಲೇ ಖಾಯಂ ಮಾಡಿದರು. ಆರಡಿ ನಾಲ್ಕಂಗುಲ ಎತ್ತರ, ಸುಮಾರು 110 ಕಿಲೋ ತೂಕ. ಆ ಸಾಲಿನಲ್ಲಿ ಅವರಿಗಿಂತ ದಪ್ಪಗಿನವರು ಅನೇಕರಿದ್ದರು. ಆದರೆ ಅವರ ವಿಶೇಷವಿದ್ದದ್ದು ಕೈಗಳಲ್ಲಿ. ಅಡ್ಡ ನಿಂತವನನ್ನು ಗುದ್ದಿ ಬೀಳಿಸಲು ಶಕ್ತಿ ವ್ಯಯ ಮಾಡದೆ, ಅವನ ಭುಜವನ್ನೋ ಅಂಗಿಯನ್ನೋ ಹಿಡಿದು ಪಕ್ಕಕ್ಕೆಳೆದು, ಅವನ ಭಾರವನ್ನು ಅವನ ಮೇಲೆಯೇ ತಿರುಗಿಸಿ, ಕ್ಷಣಾರ್ಧದಲ್ಲಿ ಹಿಂದೆ ದಾಟಿಬಿಡುತ್ತಿದ್ದರು. ಎದುರು ತಂಡಗಳು ಅವರೊಬ್ಬರಿಗೆ ಇಬ್ಬರು ಮೂವರನ್ನು ಅಡ್ಡ ನಿಲ್ಲಿಸುವುದು ರೂಢಿಯಾಯಿತು. ಹಾಗೆ ಮಾಡಿದಾಗ ಬೇರೆಲ್ಲೋ ಒಂದು ತೂತು ಬೀಳುತ್ತಿತ್ತು. ದಿನವೂ ಅಭ್ಯಾಸದಲ್ಲಿ ಅವರಿಗೆ ಎದುರು ನಿಲ್ಲುತ್ತಿದ್ದ ಜಿಮ್ ಪಾರ್ಕರ್ ಮುಂದೆ ಆಟದ ಇತಿಹಾಸದ ಶ್ರೇಷ್ಠ ತಡೆಗಾರರಲ್ಲಿ ಒಬ್ಬರೆನಿಸಿಕೊಂಡರು.

ಈ ಕೆಲಸಕ್ಕೆ ಆಗ ಲೆಕ್ಕಪುಸ್ತಕವೇ ಇರಲಿಲ್ಲ. ಕ್ವಾರ್ಟರ್‌ಬ್ಯಾಕನನ್ನು ಚೆಂಡೆಸೆಯುವ ಮೊದಲೇ ಕೆಡವುವುದನ್ನು ಲೀಗು ಅಧಿಕೃತವಾಗಿ ಎಣಿಸಲು ತೊಡಗಿದ್ದು 1982ರಲ್ಲಿ. ಓಡಿದವನ ಗಜಗಳು, ಎಸೆದವನ ಗಜಗಳು, ಹಿಡಿದವನ ಅಂಕಗಳು ದಾಖಲೆಗೆ ಸೇರುತ್ತಿದ್ದವು. ತಡೆದವನ ದುಡಿಮೆ ದಾಖಲೆಗೆ ಬರುತ್ತಿರಲಿಲ್ಲ. ಆದರೂ 1954ರಿಂದ 1964ರವರೆಗೆ ಹನ್ನೊಂದು ಋತುಗಳಲ್ಲಿ ಸತತವಾಗಿ ಮಾರ್ಕೆಟಿಯವರನ್ನು ಲೀಗಿನ ಶ್ರೇಷ್ಠರ ತಂಡವಾದ ಪ್ರೊ ಬೌಲ್‌ಗೆ ಆರಿಸಲಾಯಿತು. ಆರಿಸಿದವರು ಅಂಕಿ ಅಂಶ ನೋಡಿರಲಿಲ್ಲ, ಅವರ ಎದುರು ಆಡಿ ಪೆಟ್ಟು ತಿಂದವರ ಮಾತು ಕೇಳಿದ್ದರು. ತಮ್ಮ ಸರಕಿನ ಗುಣಮಟ್ಟವನ್ನು ಗಿರಾಕಿಯ ಬಾಯಿಂದ ಮಾತ್ರ ತಿಳಿಯಬಲ್ಲ ಸಣ್ಣ ತಯಾರಕರಿಗೆ ಈ ಸ್ಥಿತಿ ಅಪರಿಚಿತವಲ್ಲ.

ಹೆಸರಿಗೆ ತಕ್ಕ ಹಣ ಆಗಿನ ಆಟದಲ್ಲಿ ಇರಲಿಲ್ಲ. ಋತು ಮುಗಿದರೆ ಆಟಗಾರರು ಬೇರೆ ಉದ್ಯೋಗ ಹುಡುಕಬೇಕಿತ್ತು. ಮಾರ್ಕೆಟಿಯವರು ಪ್ರತಿವರ್ಷ ಸಾವಿರಾರು ಮೈಲಿ ದಾಟಿ ಕ್ಯಾಲಿಫೋರ್ನಿಯಾಕ್ಕೆ ಹಿಂತಿರುಗಿ ಬಾರಿನ ಕೆಲಸ ನೋಡಿಕೊಳ್ಳುತ್ತಿದ್ದರು. ಇದನ್ನು ಕಂಡ ರೋಸೆನ್‌ಬ್ಲೂಮ್, ಹೆಸರಿರುವ ಊರಿನಲ್ಲೇ ವ್ಯಾಪಾರ ಮಾಡಬೇಕು, ಕುಟುಂಬವನ್ನು ಬಾಲ್ಟಿಮೋರ್‌ಗೇ ಕರೆತಂದು ಇಲ್ಲಿಯೇ ಏನಾದರೂ ಆರಂಭಿಸು ಎಂದು ಒತ್ತಾಯಪಡಿಸಿದರು. ಒಬ್ಬ ಬಟ್ಟೆ ತಯಾರಕನ ಅನುಭವದಿಂದ ಬಂದ ಈ ಸಲಹೆ ಎಷ್ಟು ಸರಳವೋ ಅಷ್ಟೇ ದೂರದೃಷ್ಟಿಯದು. ಬಾಲ್ಟಿಮೋರ್‌ನ ಬೀದಿಯಲ್ಲಿ ಮಕ್ಕಳು ಬೆರಳು ತೋರಿಸುವ ವ್ಯಕ್ತಿ ಆಂಟಿಯೋಕಿನಲ್ಲಿ ಕೇವಲ ಒಬ್ಬ ಬಾರಿನವ.

ಮಾರ್ಕೆಟಿ, ತಂಡದ ಓಟಗಾರ ಅಲನ್ ಅಮೀಚಿ ಮತ್ತು ಅವರ ಸ್ನೇಹಿತ ಲೂಯಿಸ್ ಫಿಷರ್ ಸೇರಿ 1957ರಲ್ಲಿ ಬಾಲ್ಟಿಮೋರ್‌ಗೆ ಹೊಂದಿಕೊಂಡ ಡಂಡಾಕ್‌ನಲ್ಲಿ ಮಳಿಗೆ ತೆರೆದರು. ಸ್ಪ್ಯಾರೋಸ್ ಪಾಯಿಂಟಿನ ಬೃಹತ್ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ಕಾರ್ಮಿಕರ ಊರು ಅದು. ತಂಡದ ಮತ್ತೊಬ್ಬ ಆಟಗಾರ ಜೋ ಕ್ಯಾಂಪನೆಲ್ಲಾ ಕೂಡ ಪಾಲುದಾರರಾದರು. ಅಮೀಚಿಯವರ ಹೆಸರಿನಲ್ಲಿಯೂ ಆ ಪ್ರದೇಶದಲ್ಲಿ ಉಪಾಹಾರ ಮಂದಿರಗಳು ನಡೆದವು. ಆದರೆ ಬೆಳೆದು ನಿಂತದ್ದು 'ಜೀನೋಸ್'. ಉಚ್ಚರಿಸಲು ಸುಲಭವಾದ, ಇಟಲಿಯ ಅಡುಗೆಮನೆಯ ವಾಸನೆಯುಳ್ಳ ಎರಡೇ ಅಕ್ಷರದ ಹೆಸರು. ತಿನಿಸುಗಳ ಪಟ್ಟಿ ಚಿಕ್ಕದು. ಹ್ಯಾಂಬರ್ಗರ್‌ಗೆ 15 ಸೆಂಟು. ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ಬೇಕಾದದ್ದು ಬಿಸಿಯಾದ, ಅಗ್ಗವಾದ, ಕಾಯಬೇಕಿಲ್ಲದ ಊಟ. ಅದು ಅಲ್ಲಿ ಸಿಗುತ್ತಿತ್ತು.

ಮಳಿಗೆ ಆರಂಭವಾಗಿ ಹೆಚ್ಚು ದಿನವಾಗಿರಲಿಲ್ಲ, 1958ರ ಡಿಸೆಂಬರ್ 28 ಬಂದಿತು. ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ಜಯಂಟ್ಸ್ ಎದುರು ಲೀಗಿನ ಅಂತಿಮ ಪಂದ್ಯ. ಕ್ರೀಡಾಂಗಣದಲ್ಲಿ 64,185 ಮಂದಿ. ಮನೆಮನೆಗಳ ದೂರದರ್ಶನದ ಮುಂದೆ ಅಂದಾಜು ನಾಲ್ಕೂವರೆ ಕೋಟಿ ಜನ. ಅರ್ಧ ಆಟಕ್ಕೆ 14–3ರಿಂದ ಮುಂದಿದ್ದ ಕೋಲ್ಟ್ಸ್, ಕೊನೆಯ ಪಾದದಲ್ಲಿ 14–17ರಿಂದ ಹಿಂದೆ ಬಿದ್ದಿತು. ಎರಡೂ ಚಿಲ್ಲರೆ ನಿಮಿಷ ಉಳಿದಿರುವಾಗ ಚೆಂಡು ಜಯಂಟ್ಸ್ ಕೈಯಲ್ಲಿತ್ತು. ಮೂರನೆಯ ಯತ್ನ, ಬೇಕಾದದ್ದು ನಾಲ್ಕು ಗಜ. ಆ ನಾಲ್ಕು ಗಜ ಸಿಕ್ಕಿದರೆ ಸಮಯವನ್ನು ನುಂಗಿ ಪಂದ್ಯ ಮುಗಿಸಬಹುದಿತ್ತು.

ಚೆಂಡು ಹಿಡಿದು ಬಲಕ್ಕೆ ಓಡಿದವರು ಜಯಂಟ್ಸ್ ತಂಡದ ಕಣ್ಮಣಿ ಫ್ರಾಂಕ್ ಗಿಫರ್ಡ್. ಅಡ್ಡ ಬಂದವನಿಂದ ಬಿಡಿಸಿಕೊಂಡು ಮಾರ್ಕೆಟಿಯವರು ಗಿಫರ್ಡರನ್ನು ತಬ್ಬಿ ಕೆಡವಿದರು. ಅದೇ ಕ್ಷಣಕ್ಕೆ, ಗಿಫರ್ಡ್ ಮುಂದೆ ಜರುಗದಂತೆ ನೋಡಿಕೊಳ್ಳಲು ಓಡಿ ಬಂದ ಸ್ವಂತ ತಂಡದವರೇ ಆದ ಯೂಜೀನ್ ಲಿಪ್ಸ್‌ಕೂಂಬ್, 'ಬಿಗ್ ಡ್ಯಾಡಿ' ಎಂದು ಪ್ರಸಿದ್ಧರಾದ ಸುಮಾರು 130 ಕಿಲೋ ತೂಕದ ಆಟಗಾರ, ಆ ರಾಶಿಯ ಮೇಲೆ ಬಿದ್ದರು. ಮಾರ್ಕೆಟಿಯವರ ಕಾಲು ಕಣಕಾಲಿನ ಮೇಲೆ ಮುರಿಯಿತು. ರಾಶಿ ಬಿಡಿಸಿ ಅಳೆದು ನೋಡಿದರೆ ಚೆಂಡು ಗುರುತಿಗೆ ಕೆಲವೇ ಅಂಗುಲ ಹಿಂದಿತ್ತು. ಜಯಂಟ್ಸ್ ಚೆಂಡನ್ನು ಒದ್ದು ಕೋಲ್ಟ್ಸ್‌ಗೆ ಬಿಟ್ಟುಕೊಡಬೇಕಾಯಿತು.

ಸ್ಟ್ರೆಚರ್ ಹೊತ್ತವರು ಅವರನ್ನು ಒಳಗೆ ಸಾಗಿಸುತ್ತಿದ್ದರು. ಮಾರ್ಕೆಟಿಯವರು ಅವರನ್ನು ತಡೆದು, ಮೈದಾನದ ಅಂಚಿನಲ್ಲೇ ತಮ್ಮನ್ನು ಇಳಿಸುವಂತೆ ಹಟ ಹಿಡಿದರು. ಡಿಸೆಂಬರಿನ ಚಳಿ, ಹೊದಿಕೆ ಸುತ್ತಿಕೊಂಡು, ಮುರಿದ ಕಾಲನ್ನು ಚಾಚಿ, ಮೊಣಕೈ ಊರಿ ಅವರು ನೋಡುತ್ತಿದ್ದಂತೆ ಜಾನಿ ಯುನೈಟಸ್ ಒಂದರ ಹಿಂದೆ ಒಂದರಂತೆ ಚೆಂಡೆಸೆದು ತಂಡವನ್ನು ಮೈದಾನದ ಉದ್ದಕ್ಕೂ ಮುನ್ನಡೆಸಿದರು. ಏಳು ಸೆಕೆಂಡು ಉಳಿದಿರುವಾಗ ಸ್ಟೀವ್ ಮೈರಾ ಒದ್ದ ಚೆಂಡು ಕಂಬಗಳ ನಡುವೆ ಹಾದು ಪಂದ್ಯ 17–17ರಲ್ಲಿ ಸಮವಾಯಿತು. ಲೀಗಿನ ಅಂತಿಮ ಪಂದ್ಯವೊಂದು ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಆಗ ಜನ ಮೈದಾನಕ್ಕೆ ನುಗ್ಗಿಯಾರೆಂಬ ಭಯದಿಂದ ಅವರನ್ನು ಒಳಕ್ಕೆ ಒಯ್ಯಲಾಯಿತು. ಹೀಗಾಗಿ ಗೆಲುವಿನ ಕ್ಷಣವನ್ನು ಅವರು ಕಣ್ಣಾರೆ ಕಾಣಲಿಲ್ಲ. ಆ ಗೆಲುವಿನ ಓಟ, ಒಂದೇ ಒಂದು ಗಜದ್ದು, ಓಡಿದವರು ಅಲನ್ ಅಮೀಚಿ, ಹ್ಯಾಂಬರ್ಗರ್ ಮಳಿಗೆಯ ಪಾಲುದಾರ. ಅಂತಿಮ ಅಂಕ 23–17. ತನ್ನ ಓಟ ಗುರುತನ್ನು ದಾಟಿತ್ತೆಂದು ಗಿಫರ್ಡ್ ಬಾಳಿನುದ್ದಕ್ಕೂ ವಾದಿಸಿದರು. ಗಾಯಾಳುವನ್ನು ಎಬ್ಬಿಸುವ ಗಲಾಟೆಯಲ್ಲಿ ಚೆಂಡಿನ ಜಾಗ ತಪ್ಪಾಗಿ ಗುರುತಾಯಿತೆಂಬುದು ಅವರ ದೂರು.

ಗೆದ್ದ ಪ್ರತಿ ಆಟಗಾರನ ಪಾಲಿಗೆ ಬಂದ ಮೊತ್ತ 4,718 ಡಾಲರ್ 77 ಸೆಂಟು. ಸೋತವರಿಗೆ 3,111 ಡಾಲರ್ 33 ಸೆಂಟು. ಕಾಲು ಮುರಿದುಕೊಂಡ ಆಟಗಾರನಿಗೆ ಅಂದಿನ ಲೆಕ್ಕದಲ್ಲಿ ಸಿಕ್ಕ ಪ್ರತಿಫಲ ಅಷ್ಟೇ. ಆದರೆ ಇನ್ನೊಂದು ಪುಸ್ತಕದಲ್ಲಿ ಬೇರೊಂದು ಜಮೆ ಆಗಿತ್ತು. ಅಮೆರಿಕದ ಅತಿ ಶ್ರೇಷ್ಠ ಪಂದ್ಯವೆಂದು ಇಂದಿಗೂ ಕರೆಯಲ್ಪಡುವ ಆ ಸಂಜೆಯ ನಿರ್ಣಾಯಕ ತಡೆ ಮತ್ತು ನಿರ್ಣಾಯಕ ಓಟ ಎರಡೂ ಒಂದೇ ವ್ಯಾಪಾರಿ ಸಂಸ್ಥೆಯ ಇಬ್ಬರು ಪಾಲುದಾರರದ್ದಾಗಿದ್ದವು. ಅಂಥ ಪ್ರಚಾರವನ್ನು ಹಣ ಕೊಟ್ಟು ಕೊಳ್ಳಲು ಆಗ ಯಾವ ಸಣ್ಣ ಹೋಟೆಲಿಗೂ ಸಾಧ್ಯವಿರಲಿಲ್ಲ. 1959ರಲ್ಲಿ ಕೋಲ್ಟ್ಸ್ ಅದೇ ಜಯಂಟ್ಸ್ ತಂಡವನ್ನು 31–16ರಿಂದ ಮತ್ತೆ ಸೋಲಿಸಿ ಪ್ರಶಸ್ತಿ ಉಳಿಸಿಕೊಂಡಿತು. ಮುರಿದ ಕಾಲು ಕೂಡಿಕೊಂಡು ಮಾರ್ಕೆಟಿಯವರೂ ತಮ್ಮ ಸಾಲಿಗೆ ಮರಳಿದ್ದರು.

1960ರ ದಶಕದಲ್ಲಿ ಜೀನೋಸ್ ಮೇರಿಲ್ಯಾಂಡಿನಿಂದ ಪೆನ್ಸಿಲ್ವೇನಿಯಾ ಮತ್ತು ನೆರೆಯ ರಾಜ್ಯಗಳಿಗೆ ಹರಡಿತು. ಪ್ರಧಾನ ಕಚೇರಿ ಫಿಲಡೆಲ್ಫಿಯಾ ಸಮೀಪದ ಕಿಂಗ್ ಆಫ್ ಪ್ರಷಿಯಾದಲ್ಲಿ ನೆಲೆಗೊಂಡಿತು. ಈ ವಿಸ್ತರಣೆಯ ರೀತಿಯಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶವೊಂದಿದೆ. ಅದೇ ಕಾಲದಲ್ಲಿ ಮೆಕ್‌ಡೊನಾಲ್ಡ್ಸ್ ಬೆಳೆದದ್ದು ಮುಖ್ಯವಾಗಿ ಫ್ರಾಂಚೈಸಿಯಿಂದ. ಅಂದರೆ ಹೆಸರು ಮತ್ತು ವಿಧಾನವನ್ನು ಬೇರೆಯವರಿಗೆ ಕೊಟ್ಟು, ಮಳಿಗೆಯ ಬಂಡವಾಳದ ಭಾರವನ್ನು ಅವರ ಹೆಗಲಿಗೆ ಹಂಚಿ. ಜೀನೋಸ್ ಮಳಿಗೆಗಳಾದರೋ ಕಂಪನಿಯ ಸ್ವಂತದವು. ಪ್ರತಿಯೊಂದು ಒಲೆಯ ಮೇಲೂ ತಮ್ಮ ಕಣ್ಣಿರಬೇಕೆಂಬ ಹಳೆಯ ಮಾದರಿಯ ವ್ಯಾಪಾರ ಅದು. ರುಚಿ ಕೆಡದು, ಲಾಭ ಹಂಚಿಹೋಗದು. ಆದರೆ ಪ್ರತಿ ಹೊಸ ಮಳಿಗೆಗೂ ಸ್ವಂತ ಹಣ ಬೇಕು, ಕೆಟ್ಟ ವರ್ಷ ಬಂದರೆ ಎಲ್ಲ ಮಳಿಗೆಗಳ ನಷ್ಟವೂ ಒಂದೇ ಮನೆಗೆ. ಹಣಕ್ಕಾಗಿ ಸಂಸ್ಥೆ ಸಾರ್ವಜನಿಕ ಕಂಪನಿಯಾಯಿತು. ತಾನು ಫ್ರಾಂಚೈಸಿ ಕೊಡದ ಸಂಸ್ಥೆ ಇನ್ನೊಬ್ಬರಿಂದ ಫ್ರಾಂಚೈಸಿ ಪಡೆಯಲು ಮಾತ್ರ ಹಿಂಜರಿಯಲಿಲ್ಲ. ಕೆಂಟಕಿ ಫ್ರೈಡ್ ಚಿಕನ್‌ನ ಹಕ್ಕು ಪಡೆದು ತನ್ನ ಹ್ಯಾಂಬರ್ಗರ್ ಜೊತೆಗೆ ಅದನ್ನೂ ಮಾರಿತು. ಎರಡು ಪದರದ 'ಜೀನೊ ಜೈಂಟ್' ಮನೆಮಾತಾಯಿತು. ಆಗ ಬೆಳೆದ ಅಲ್ಲಿನ ಮಕ್ಕಳು ಅದರ ದೂರದರ್ಶನ ಜಾಹೀರಾತಿನ ಹಾಡನ್ನು ಮುಪ್ಪಿನಲ್ಲಿಯೂ ಗುನುಗುವುದುಂಟು.

ಪಾಲುದಾರಿಕೆ ಮಾತ್ರ ದೃಢವಾಗಿತ್ತು. ಗಾಯದಿಂದಾಗಿ 1960ರ ಋತುವಿನೊಂದಿಗೆ ಅಮೀಚಿಯವರ ಆಟ ಮುಗಿಯಿತು, ವ್ಯಾಪಾರ ಕಾದಿತ್ತು. ಕ್ಯಾಂಪನೆಲ್ಲಾ ಕೋಲ್ಟ್ಸ್ ತಂಡದ ಜನರಲ್ ಮ್ಯಾನೇಜರಾಗಿ ನೇಮಕಗೊಂಡ ಕೆಲವೇ ವಾರಗಳಲ್ಲಿ, 1967ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಮಾರ್ಕೆಟಿಯವರು ಎರಡನ್ನೂ ಒಟ್ಟಿಗೆ ನಡೆಸಿದರು. 1963ರ ನಂತರ ನಿವೃತ್ತರಾಗಿ ಮತ್ತೆ 1964ರಲ್ಲಿ ಆಡಿದರು. 1966ರಲ್ಲಿ, ನಲವತ್ತು ವರ್ಷದ ಉದ್ಯಮಿಯಾಗಿದ್ದಾಗ, ಗಾಯಾಳುಗಳಿಂದ ತಂಡ ಸೊರಗಿತೆಂದು ರೋಸೆನ್‌ಬ್ಲೂಮ್ ಕರೆಕಳುಹಿಸಿದರು. ಹೋಗಬೇಕಾದ ಅಗತ್ಯ ಆ ಹೊತ್ತಿಗೆ ಅವರಿಗಿರಲಿಲ್ಲ. ಆದರೂ ಹೋಗಿ ನಾಲ್ಕು ಪಂದ್ಯ ಆಡಿ ಬಂದರು. ವ್ಯಾಪಾರಕ್ಕೆ ದಾರಿ ತೋರಿಸಿದ ಯಜಮಾನನ ಋಣ ತೀರಿಸಲು ಅವರ ಬಳಿ ಇದ್ದದ್ದು ಆ ಎರಡು ಕೈಗಳೇ. 14 ಋತುಗಳ ಆಟಕ್ಕೆ ಸಂದ ಮನ್ನಣೆಗಳು ಆಮೇಲೆ ಬಂದವು. ಲೀಗಿನ ಮೊದಲ ಐವತ್ತು ವರ್ಷಗಳ ಶ್ರೇಷ್ಠ ಡಿಫೆನ್ಸಿವ್ ಎಂಡ್ ಎಂದು 1969ರಲ್ಲಿ ಹೆಸರಿಸಲಾಯಿತು. 1972ರಲ್ಲಿ ಹಾಲ್ ಆಫ್ ಫೇಮ್ ಪ್ರವೇಶ ದೊರೆಯಿತು. ಅವರು ತೊಟ್ಟ 89ನೆಯ ಸಂಖ್ಯೆಯನ್ನು ಕೋಲ್ಟ್ಸ್ ಮತ್ತಾರಿಗೂ ಕೊಡದೆ ಕಾಯ್ದಿರಿಸಿತು.

1970ರ ದಶಕ ಮುಗಿಯುವ ವೇಳೆಗೆ ಹ್ಯಾಂಬರ್ಗರ್ ಪೇಟೆಯ ಸ್ವರೂಪ ಬದಲಾಗಿತ್ತು. ರಾಷ್ಟ್ರವ್ಯಾಪಿ ಜಾಹೀರಾತು ನೀಡಬಲ್ಲ ಮೆಕ್‌ಡೊನಾಲ್ಡ್ಸ್, ಬರ್ಗರ್ ಕಿಂಗ್‌ಗಳ ಎದುರು ಪ್ರಾದೇಶಿಕ ಸಂಸ್ಥೆಗಳಿಗೆ ಉಸಿರಾಡುವುದು ಕಷ್ಟವಾಯಿತು. 1982ರಲ್ಲಿ ಹೋಟೆಲು ಉದ್ಯಮದ ದೈತ್ಯ ಮ್ಯಾರಿಯಟ್ ಸಂಸ್ಥೆ ಸುಮಾರು 4.8 ಕೋಟಿ ಡಾಲರಿಗೆ ಜೀನೋಸ್ ಅನ್ನು ಕೊಂಡುಕೊಂಡಿತು. ಕೊಂಡವರಿಗೆ ಬೇಕಾಗಿದ್ದದ್ದು ಆ ಮಳಿಗೆಗಳ ಜಾಗ. ಮ್ಯಾರಿಯಟ್ ಬಳಿ ರಾಯ್ ರೋಜರ್ಸ್ ಎಂಬ ತನ್ನದೇ ಉಪಾಹಾರ ಸರಪಳಿಯಿತ್ತು. ಕೌಬಾಯ್ ಚಲನಚಿತ್ರಗಳ ಜನಪ್ರಿಯ ನಟನಿಂದ ಪರವಾನಗಿ ಪಡೆದ ಹೆಸರು ಅದು. ಆ ನಟ ಒಲೆ ಹಚ್ಚಿದವರೂ ಅಲ್ಲ, ಲೆಕ್ಕ ಬರೆದವರೂ ಅಲ್ಲ. ಜೀನೋಸ್ ಫಲಕಗಳು ಒಂದೊಂದಾಗಿ ಇಳಿದವು, ಅನೇಕ ಕಡೆ ಅವುಗಳ ಜಾಗದಲ್ಲಿ ರಾಯ್ ರೋಜರ್ಸ್ ಏರಿತು. ಮೇರಿಲ್ಯಾಂಡಿನ ಪ್ಯಾಸಡೀನಾದಲ್ಲಿ ಉಳಿದಿದ್ದ ಕಡೆಯ ಜೀನೋಸ್ 1986ರಲ್ಲಿ ಬಾಗಿಲು ಹಾಕಿತು.

ಇದನ್ನು ಸೋಲು ಎನ್ನಬೇಕೇ? ಷೇರುದಾರರಿಗೆ ಬೆಲೆ ಬಂತು, ಸಂಸ್ಥಾಪಕರಿಗೂ ಬಂತು. ಮಾರಲು ತಕ್ಕ ಸಮಯ ಯಾವುದೆಂಬ ವಿಷಯದಲ್ಲಿ ಅವರು ತಪ್ಪಿದರೆಂದು ಹೇಳಲಾಗದು. ತಪ್ಪಿದ್ದರೆ ಹೆಸರನ್ನು ಸರಕಿನಂತೆ ಕಳಚಿ ಬದಿಗಿಡಬಹುದೆಂದು ಭಾವಿಸಿದ ಕೊಳ್ಳುಗರ ಪರಂಪರೆಯಲ್ಲಿ. ಮ್ಯಾರಿಯಟ್ 1990ರಲ್ಲಿ ರಾಯ್ ರೋಜರ್ಸ್ ಸರಪಳಿಯನ್ನು ಹಾರ್ಡೀಸ್ ಸಂಸ್ಥೆಗೆ 36.5 ಕೋಟಿ ಡಾಲರಿಗೆ ಮಾರಿತು. ಹಾರ್ಡೀಸ್ ಅದೇ ಹಳೆಯ ಪಾಠವನ್ನು ಮತ್ತೆ ಓದಿತು. ಮಳಿಗೆಗಳ ಫಲಕ ಬದಲಾಯಿಸಿ ತನ್ನ ಹೆಸರು ಹಾಕಿತು. ಗಿರಾಕಿಗಳು ಮುನಿಸಿಕೊಂಡು ದೂರವಾದರು. ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಸುತ್ತಮುತ್ತ ಅನೇಕ ಮಳಿಗೆಗಳಲ್ಲಿ ರಾಯ್ ರೋಜರ್ಸ್ ಫಲಕವನ್ನು ಮರಳಿ ಏರಿಸಬೇಕಾಯಿತು. ಜೀನೋಸ್ ಫಲಕವನ್ನು ಮರಳಿ ಏರಿಸುವವರು ಆಗ ಯಾರೂ ಇರಲಿಲ್ಲ.

ಮಾರ್ಕೆಟಿಯವರು ಪೆನ್ಸಿಲ್ವೇನಿಯಾದಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದರು. ಅಮೀಚಿ 1988ರಲ್ಲಿ ತೀರಿಕೊಂಡರು. 2010ರಲ್ಲಿ, ಹಿಂದೆ ಸಂಸ್ಥೆಯ ಹಿರಿಯ ಅಧಿಕಾರಿಯಾಗಿದ್ದ ಟಾಮ್ ರೊಮಾನೊ, ಮಾರ್ಕೆಟಿಯವರನ್ನು ಜೊತೆಗಿಟ್ಟುಕೊಂಡು ಕಿಂಗ್ ಆಫ್ ಪ್ರಷಿಯಾದಲ್ಲಿ 'ಜೀನೋಸ್ ಬರ್ಗರ್ಸ್ ಅಂಡ್ ಚಿಕನ್' ಎಂಬ ಹೊಸ ಮಳಿಗೆ ತೆರೆದರು. ಹೆಸರಿನ ಒಡೆಯರಿಗೆ ಆಗ 84 ವರ್ಷ. ಮರುವರ್ಷ ಬಾಲ್ಟಿಮೋರ್ ಬಳಿಯ ಟೌಸನ್‌ನಲ್ಲಿ ಇನ್ನೊಂದು ತೆರೆಯಿತು. ಬೆಲೆ ಸಹಜವಾಗಿಯೇ ಹದಿನೈದು ಸೆಂಟು ಉಳಿದಿರಲಿಲ್ಲ. ಮೊದಲ ಸಲದ ವಿಸ್ತಾರವನ್ನು ಆ ಪ್ರಯತ್ನ ಮುಟ್ಟಲಿಲ್ಲ.

2019ರ ಏಪ್ರಿಲ್ 29ರಂದು, 93ನೆಯ ವಯಸ್ಸಿನಲ್ಲಿ, ಪೆನ್ಸಿಲ್ವೇನಿಯಾದ ಪಾವೋಲಿಯಲ್ಲಿ ಜೀನೊ ಮಾರ್ಕೆಟಿ ನಿಧನರಾದರು. ಅದೇ ವರ್ಷದ ಕೊನೆಯಲ್ಲಿ ಲೀಗು ತನ್ನ ನೂರು ವರ್ಷಗಳ ಶ್ರೇಷ್ಠ ತಂಡವನ್ನು ಪ್ರಕಟಿಸಿತು. ರಕ್ಷಣಾ ಸಾಲಿನ ತುದಿಯ ಆಟಗಾರರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು.